ಮೈಕಿನ ಮುಂದೆ ದಮ್ಮು

ನಮ್ಮ ಬೀದರ ಸೀಮೆಯಲ್ಲಿ ದಮ್ ಎಂಬ ಒಂದು ಮಾತಿಗೆ ಹಚ್ಚಿರುವಷ್ಟು ಕೆಲಸವನ್ನು ನಾವು ಯಾವ ಆಳಿಗೂ ಹಚ್ಚಿಲ್ಲ. ಉಸಿರೂ ದಮ್ಮೇ, ಗುಂಡಿಗೆಯೂ ದಮ್ಮೇ. ಬೀಡಿ ಸೇದುವವನು ಎಳೆಯುವುದು ದಮ್ಮು. ಅವಸರ ಮಾಡುವವನಿಗೆ ‘ಜರಾ ದಮ್ ಹಿಡೀರಿ’ ಎನ್ನುತ್ತೇವೆ. ಚುನಾವಣೆಗೆ ನಿಂತವನ ಭಾಷಣದಿಂದ ಹಿಡಿದು ಸಂತೆಯಲ್ಲಿ ಕೊಳ್ಳುವ ಎತ್ತಿನವರೆಗೆ ಎಲ್ಲದರಲ್ಲೂ ದಮ್ ಇದೆಯೋ ಇಲ್ಲವೋ ನೋಡಿಯೇ ಒಪ್ಪಿಕೊಳ್ಳುವ ಜನ ನಾವು. ಇಷ್ಟು ಬಗೆಯ ದಮ್ಮುಗಳಲ್ಲಿ ದೇವರು ನನಗೆ ಯಾವುದನ್ನಾದರೂ ಕೊಡಬಹುದಿತ್ತು. ಅವನು ಆರಿಸಿ ಕೊಟ್ಟದ್ದು ದವಾಖಾನೆಯ ದಮ್ಮು. ಎದೆಯೊಳಗೆ ಕುಳಿತು ಸಿಳ್ಳೆ ಹೊಡೆಯುವ, ಮೆಟ್ಟಿಲು ಕಂಡರೆ ಕಣ್ಣಿಗೆ ಕತ್ತಲೆ ಕಟ್ಟಿಸುವ ದಮ್ಮು. ಅದೂ ಎಂಥವನಿಗೆ? ಉಸಿರನ್ನೇ ಮಾತು ಮಾಡಿ, ಆ ಮಾತಿನಿಂದಲೇ ಹೊಟ್ಟೆ ಹೊರೆಯುವವನಿಗೆ. ಕುಂಟನನ್ನು ಓಟದ ಪಂದ್ಯಕ್ಕೆ ನಿಲ್ಲಿಸಿ ಮೇಲಿನವನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಾನೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಾನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವನಾಗಿದ್ದೆ. ಮನೆ ಬಸವಕಲ್ಯಾಣದಲ್ಲಿ, ನಮ್ಮ ಬಾಯಲ್ಲಿ ಬರೀ ಕಲ್ಯಾಣ; ಕೂಗುವುದು ಹುಮನಾಬಾದಿನಲ್ಲಿ. ಹುಮನಾಬಾದೆಂದರೆ ನಾಲ್ಕೂ ದಿಕ್ಕಿನ ರಸ್ತೆ ಬಂದು ಕೂಡುವ ಊರು. ಹೈದರಾಬಾದಿಗೆ ಹೋಗುವವರು, ಸೊಲ್ಲಾಪುರದಿಂದ ಬರುವವರು, ಬೀದರಕ್ಕೆ ಕೋರ್ಟಿಗೆ ಹೊರಟವರು, ಗುಲಬರ್ಗಕ್ಕೆ ದವಾಖಾನೆಗೆ ಹೊರಟವರು, ಎಲ್ಲರೂ ಅಲ್ಲಿ ಗಂಟುಮೂಟೆ ಇಳಿಸಿ ಕಿವಿ ನಿಮಿರಿಸಿ ಕೂಡುತ್ತಿದ್ದರು. ನಾನು ಒಂದು ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು, ಮೊದಲು ಕನ್ನಡದಲ್ಲಿ, ಆಮೇಲೆ ನಮ್ಮ ಕಡೆಯ ಹಿಂದಿಯಲ್ಲಿ, ಆಮೇಲೆ ಮರಾಠಿಯಲ್ಲಿ, ಪ್ರತಿಯೊಂದು ಬಸ್ಸನ್ನೂ ಮೂರು ಸಲ ಹೊರಡಿಸುತ್ತಿದ್ದೆ. ಬಸ್ಸು ಮಾತ್ರ ತನ್ನ ಮನಸ್ಸಿಗೆ ಬಂದಾಗ ಹೊರಡುತ್ತಿತ್ತು, ಆ ಮಾತು ಬೇರೆ. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ, ಧ್ವನಿ ಎಲ್ಲರಿಗೂ ಗೊತ್ತಿತ್ತು. ಒಮ್ಮೆ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ‘ಇಲ್ಲೊಂದು ಚಹಾ ಕೊಡ್ರಿ’ ಎಂದೆ. ಪಕ್ಕದ ಮೇಜಿನಲ್ಲಿ ಕುಳಿತಿದ್ದ, ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಅರ್ಧ ಚಹಾ ಬಿಟ್ಟು, ಗಂಟು ಹೆಗಲಿಗೇರಿಸಿ, ಬಸ್ ಹಿಡಿಯಲು ಓಡಿಯೇಬಿಟ್ಟರು. ಆ ದಿನ ನಾನು ಮನೆಗೆ ಹೋಗಿ ಹೆಂಡತಿ ಶಾಂತಾಬಾಯಿಗೆ ಈ ಸುದ್ದಿ ಹೇಳಿದ ರೀತಿ ನೋಡಿದ್ದರೆ ನನಗೆ ಯಾವುದೋ ಪದವಿ ಸಿಕ್ಕಿದೆ ಎಂದುಕೊಳ್ಳುತ್ತಿದ್ದಿರಿ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸದೆ, “ಪಾಪ, ಆ ಮುದುಕಪ್ಪನ ಚಹಾ ಹಾಳು ಮಾಡಿದ್ರಿ” ಎಂದಳು.

ದಮ್ಮು ಬಂದದ್ದು ಹೇಗೆಂದು ಕೇಳಿದರೆ, ನಾನೇ ಅದನ್ನು ದಿನಾ ಒಳಗೆ ಕರೆಯುತ್ತಿದ್ದೆ ಎನ್ನಬೇಕು. ನನ್ನ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಆ ಕಿಟಕಿಗೆ ಬೆನ್ನು ಹಚ್ಚಿ ಬಸ್ಸುಗಳು ನಿಲ್ಲುತ್ತಿದ್ದವು. ಪ್ರತಿ ಡ್ರೈವರನೂ ಹೊರಡುವ ಮುಂಚೆ ಒಂದಿಷ್ಟು ಕರಿ ಹೊಗೆಯನ್ನು ನನಗೆ ದಕ್ಷಿಣೆ ಕೊಟ್ಟು ಹೋಗುತ್ತಿದ್ದ. ಅದು ಸಾಲದು ಎಂಬಂತೆ ತೊಗರಿಯ ಸುಗ್ಗಿಯಲ್ಲಿ ಹಳ್ಳಿಗಳಿಂದ ಗಾಡಿ, ಲಾರಿ ತುಂಬಿ ಬರುವ ಚೀಲಗಳ ಹೊಟ್ಟು, ಧೂಳು ಊರ ತುಂಬ ಹಾರುತ್ತಿತ್ತು. ಮೊದಮೊದಲು ಬೆಳಗಿನ ಜಾವ ಕೆಮ್ಮು, ಆಮೇಲೆ ಎದೆಯಲ್ಲಿ ಸಿಳ್ಳೆ, ಆಮೇಲೆ ಮಾತಿನ ನಡುವೆ ಉಸಿರಿನ ತೂತು. ‘ಬಸವಕಲ್ಯಾಣ’ ಎಂಬುದನ್ನು ಒಂದೇ ಉಸಿರಿನಲ್ಲಿ ದಾಟಿಸಲು ಆಗದೆ ‘ಬಸವ...’ ಎಂದು ನಿಂತು, ಗಾಳಿ ಎಳೆದುಕೊಂಡು ‘...ಕಲ್ಯಾಣ’ ಎನ್ನುತ್ತಿದ್ದೆ. ‘ನಾರಾಯಣ...’ ಎಂದು ನಿಂತಾಗಲಂತೂ ಯಾರಿಗೋ ಏನೋ ಆಗಿಹೋಗಿದೆ ಎಂದು ಜನ ಗಾಬರಿಯಾಗುತ್ತಿದ್ದರು, ‘...ಪುರ’ ಬಂದ ಮೇಲೆಯೇ ಅವರಿಗೆ ಸಮಾಧಾನ. ಪಕ್ಕದ ಕೋಣೆಯಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಕಂಟ್ರೋಲರ್ ಮೌಲಾಸಾಬರು ನನ್ನ ಹಳೆಯ ಸ್ನೇಹಿತರು. ಅವರು ಒಂದು ದಿನ ಬಾಗಿಲಲ್ಲಿ ನಿಂತು, “ವೀರಣ್ಣ, ನೀವು ಒಂದು ಊರು ಹೇಳಿ ಮುಗಿಸೂದ್ರಾಗ ಬಸ್ ಆ ಊರಿಗಿ ಹೋಗಿ ಮುಟ್ಟಾಕತ್ತದ. ಒಬ್ಬ ಡಾಕ್ಟರ್‌ಗೆ ತೋರಸ್ರಿ” ಎಂದರು.

ಡಾಕ್ಟರನ್ನು ಬಿಟ್ಟು ಉಳಿದ ಎಲ್ಲರಿಗೂ ತೋರಿಸಿದೆ. ದಮ್ಮಿನವನಿಗೆ ಈ ಭೂಮಿಯ ಮೇಲೆ ವೈದ್ಯರ ಕೊರತೆ ಇಲ್ಲ. ಒಬ್ಬರು ಎಕ್ಕದ ಹೂವು ಎಂದರು, ಒಬ್ಬರು ಆಡುಸೋಗೆಯ ಕಷಾಯ ಎಂದರು. ಮತ್ತೊಬ್ಬರು ಎದೆಗೆ ಬಿಸಿ ಎಣ್ಣೆ ತಿಕ್ಕಿಸಿಕೊಂಡು ಮೂರು ಸಂಜೆ ಸುಮ್ಮನೆ ಮಲಗಿರಿ ಎಂದರು. ಎಣ್ಣೆಯಿಂದ ಹಾಸಿಗೆಗೆ ಗುಣವಾಯಿತು, ನನಗೆ ಆಗಲಿಲ್ಲ. ಕಷಾಯ ಕುಡಿದು ಕುಡಿದು ನನ್ನ ನಾಲಿಗೆಗೆ ಊಟದ ರುಚಿಯೇ ಹೊರಟುಹೋಯಿತು. ಕೊನೆಗೆ ಒಂದು ಬೆಳಿಗ್ಗೆ ಸ್ನಾನ ಮಾಡಿ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ದಣಿದು ನಾನು ನೆಲಕ್ಕೆ ಕುಳಿತಾಗ, ಶಾಂತಾಬಾಯಿ ಒಲೆಯ ಮೇಲಿದ್ದ ಕಷಾಯದ ಪಾತ್ರೆಯನ್ನು ಎತ್ತಿ ಬಚ್ಚಲಿಗೆ ಸುರಿದಳು. “ಇನ್ನ ಯಾರ ಮಾತೂ ಕೇಳೂದಿಲ್ಲ. ಏಳ್ರಿ, ಡಾಕ್ಟರ್ ಬಾಯಿ ಹಂತ್ಯಾಕ ಹೋಗೋಣ” ಎಂದಳು.

ಕಲ್ಯಾಣದಲ್ಲಿ ಆಗಷ್ಟೇ ದವಾಖಾನೆ ತೆರೆದಿದ್ದ ಈ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಗುಲಬರ್ಗದಲ್ಲಿ ಓದಿ ಬಂದವರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮಾತಿನಲ್ಲಿ ನನ್ನ ತಾಯಿಗಿಂತ ದೊಡ್ಡವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕಪಾಟಿನಿಂದ ಹೆಬ್ಬೆರಳಿನಷ್ಟು ಉದ್ದದ ಡಬ್ಬಿ ಕೂಡಿಸಿದ ಒಂದು ಸೊಟ್ಟ ಕೊಳವೆಯನ್ನು, ದಮ್ಮಿನವರು ಸೇದುವ ಪಂಪನ್ನು, ತೆಗೆದರು. ಅದನ್ನು ಕಂಡ ಕೂಡಲೇ ನಾನು ಕುಳಿತಲ್ಲೇ ಹಿಂದಕ್ಕೆ ಸರಿದೆ. ಏಕೆಂದರೆ ಆ ಕಾಲದಲ್ಲಿ ನಮ್ಮ ಕಡೆ, ಪಂಪು ಬಾಯಿಗೆ ಬಂತೆಂದರೆ ಗಂಗಾಜಲ ಬಾಯಿಗೆ ಬಂದ ಹಾಗೆಯೇ ಎಂಬ ತಿಳುವಳಿಕೆ ಇತ್ತು. “ಅಂದ್ರ ನನ್ನ ಕಥಿ ಇಲ್ಲಿಗಿ ಬಂತೇನ್ರಿ?” ಎಂದು ಕೇಳಿದೆ.

“ಯಾ ಕಥೀನೂ ಇಲ್ರಿ. ನಾ ಹೇಳೂದು ಜರಾ ಕೇಳ್ರಿ” ಎಂದು ಅವರು ಕುರ್ಚಿ ಮುಂದೆಳೆದುಕೊಂಡರು. “ಈ ಪಂಪಿನಾಗ ಎರಡು ಔಷಧ ಕೂಡೇ ಅದಾವ. ಒಂದು ಬಿಗಿದ ನಳಿಗಿ ಸಡ್ಲ ಮಾಡ್ತದ, ಅದು ನಿಮಗ ಲಗೂನ ತಿಳೀತದ. ಇನ್ನೊಂದು ಒಳಗಿನ ಬಾವು ಇಳಸ್ತದ. ಅದರ ಕೆಲಸ ಸಾವಕಾಶ, ನಿಮಗ ತಿಳಿಯಂಗೇ ಇಲ್ಲ. ಅದಕ್ಕ ಅರಾಮ ಆತು ಅಂತ ಬಿಡಬ್ಯಾಡ್ರಿ, ದಿನಾ ಮುಂಜಾನಿ ಸಂಜೀಕ ತಗೋಬೇಕು. ಹೆಚ್ಚು ಒತ್ತಿದ್ರ ಹೆಚ್ಚು ಗುಣ ಅಂತನೂ ತಿಳೀಬ್ಯಾಡ್ರಿ, ಎದಿ ಢವಢವ ಅಂತದ, ಕೈ ನಡಗತಾವ. ಹೇಳಿದಷ್ಟು ತಗೊಂಡೂ ಉಸಿರು ಹತ್ತಲಿಲ್ಲ ಅಂದ್ರ ಒತಗೋತ ಕುಂದರಬ್ಯಾಡ್ರಿ, ಸೀದಾ ದವಾಖಾನಿಗಿ ಬರ್ರಿ. ಮತ್ತ ಸೇದಿದ ಮ್ಯಾಲ ಪ್ರತಿ ಸಲ ಬಾಯಿ ಮುಕ್ಕಳಿಸಿ, ಗಂಟಲಿನ ತನಾ ಗಳಗಳ ಮಾಡಿ ನೀರು ಉಗುಳಬೇಕು. ತಿಳೀತಿಲ್ರಿ?” ನಾನು ಎಲ್ಲದಕ್ಕೂ ಹೌದ್ರಿ ಎಂದೆ. ಎದುರಿಗೆ ಕುಳಿತವರಿಗೆ ಹೌದ್ರಿ ಎನ್ನುವುದು ನಮ್ಮ ಸೀಮೆಯ ಮರ್ಯಾದೆ. ಕೇಳಿಸಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಕೊನೆಯ ಮಾತು, ನೀರಿನ ಮಾತು, ಊಟಕ್ಕೆ ಮೊದಲು ಕೈ ತೊಳಿ ಎಂದು ಮಕ್ಕಳಿಗೆ ಹೇಳುವಂಥದ್ದು ಎಂದುಕೊಂಡು ನಾನು ಅಲ್ಲಿಯೇ ಬಿಟ್ಟು ಬಂದೆ. ಪಂಪಿನ ಬೆಲೆ ಕೇಳಿದ ಮೇಲಂತೂ, ಇಷ್ಟು ದುಬಾರಿ ಔಷಧವನ್ನು ಬಾಯಿಗೆ ಹಾಕಿಕೊಂಡು ಮತ್ತೆ ನೀರು ಹಾಕಿ ಉಗುಳಲು ನನಗೇನು ತಲೆ ಕೆಟ್ಟಿದೆಯೇ ಎನ್ನಿಸಿತು.

ಅದನ್ನು ಸೇದುವುದು ಕಲಿಯುವುದೇ ಒಂದು ಪಾಡಾಯಿತು. ಅಲುಗಾಡಿಸಬೇಕು, ಇದ್ದ ಉಸಿರನ್ನು ಹೊರಗೆ ಬಿಡಬೇಕು, ಕೊಳವೆ ಕಚ್ಚಿ ತುಟಿ ಮುಚ್ಚಬೇಕು, ನಿಧಾನವಾಗಿ ಒಳಗೆಳೆಯಲು ಶುರು ಮಾಡುತ್ತಿದ್ದಂತೆಯೇ ಮೇಲಿನ ಡಬ್ಬಿ ಒತ್ತಬೇಕು, ಆಮೇಲೆ ಉಸಿರು ಕಟ್ಟಿ ತಡೆಯಬೇಕು. ನಾನು ಎಳೆಯುವಾಗ ಬೆರಳು ಸುಮ್ಮನಿರುತ್ತಿತ್ತು, ಬೆರಳು ಒತ್ತುವಾಗ ಎಳೆಯುವುದು ಮುಗಿದಿರುತ್ತಿತ್ತು. ಔಷಧವೆಲ್ಲ ಮೂಗಿನ ಮುಂದೆ ಧೂಪದ ಹೊಗೆಯಂತೆ ಏಳುತ್ತಿತ್ತು. ಶಾಂತಾಬಾಯಿ ಎದುರಿಗೆ ನಿಂತು ಕೈ ಎತ್ತಿ “ಹಾಂ... ಈಗ!” ಎಂದು ಹೇಳಿಕೊಟ್ಟ ಮೇಲೆಯೇ ಅದು ಸರಿಹೋದದ್ದು.

ಮನೆಯಲ್ಲಿ ಸಂಜೆಯದು ಆಗುತ್ತಿತ್ತು. ಬೆಳಗಿನ ಪಾಳಿ ಇದ್ದಾಗ ಕೋಣೆಯಲ್ಲೇ ಕದ್ದು ಸೇದಬೇಕಾಗುತ್ತಿತ್ತು. ಪಂಪು ಹತ್ತಿದೆ ಎಂದು ಗೊತ್ತಾದರೆ ಮೈಕಿನಿಂದ ಎಬ್ಬಿಸಿಬಿಡುತ್ತಾರೆ ಎಂಬ ಹೆದರಿಕೆ ನನಗೆ. ಒಂದು ದಿನ ಗುಲಬರ್ಗದ ಬಸ್ಸನ್ನು ಕೂಗಿ, ಮೈಕಿನ ಗುಂಡಿ ಆರಿಸುವುದನ್ನು ಮರೆತು, ಬಾಗಿಲ ಕಡೆ ಬೆನ್ನು ತಿರುಗಿಸಿ ಪಂಪು ಒತ್ತಿದೆ. ನಿಲ್ದಾಣದ ಕಂಬಗಳಿಗೆ ಕಟ್ಟಿದ ಧ್ವನಿವರ್ಧಕದ ಭೋಂಗಾಗಳೆಲ್ಲ ಒಮ್ಮೆಗೇ ‘ಫುಸ್ಸ್’ ಎಂದವು. ಗುಲಬರ್ಗದ ಡ್ರೈವರ್ ಗೇರು ಹಾಕಿದ್ದವನು ಇಂಜಿನ್ ನಿಲ್ಲಿಸಿ ಕೆಳಗಿಳಿದು ಟೈರಿಗೆ ಒದ್ದು ನೋಡಿದ. ಬೀದರದ ಡ್ರೈವರ್ ಇಳಿದ. ಘಾಟಬೋರಾಳದ ಬಸ್ಸಿನವನು ಬಗ್ಗಿ ಕೆಳಗೆ ತೂರಿಯೇಬಿಟ್ಟ. ಕಂಡಕ್ಟರುಗಳು ಒಬ್ಬರ ಮೇಲೊಬ್ಬರು ಕೂಗಾಡತೊಡಗಿದರು. ಮೌಲಾಸಾಬರು ನನ್ನ ಬಾಗಿಲಿಗೆ ಬಂದು, “ವೀರಣ್ಣ, ಹವಾ ಎಲ್ಲಿಂದ ಹೋಗಾಕತ್ತದ, ಬಿಲ್ಕುಲ್ ತಿಳೀವಲ್ದು” ಎಂದರು. ನಾನು ಪಂಪನ್ನು ಜೇಬಿಗಿಳಿಸಿ, ಅವರ ಜೊತೆ ಹೊರಗೆ ಬಂದು, ಎಲ್ಲ ಬಸ್ಸುಗಳ ಎಲ್ಲ ಚಕ್ರಗಳನ್ನು ಬಹಳ ಕಳಕಳಿಯಿಂದ ನೋಡಿದೆ.

ಆ ಪಂಪು ಕೆಲಸ ಮಾಡಿತು ಎಂಬುದೇ ಈ ಕಥೆಯ ದುಃಖ. ಕೆಲವೇ ವಾರಗಳಲ್ಲಿ ಎದೆಯ ಸಿಳ್ಳೆ ನಿಂತಿತು. ಬಸವಕಲ್ಯಾಣವನ್ನು ಒಂದೇ ಉಸಿರಿನಲ್ಲಿ ಹೇಳಿ, ಉಳಿದ ಉಸಿರಿನಲ್ಲಿ ‘ಪ್ರಯಾಣಿಕರು ದಯಮಾಡಿ ಗಮನಿಸಬೇಕು’ ಎಂದೂ ಸೇರಿಸುವಷ್ಟು ಶ್ರೀಮಂತನಾದೆ. ಬೆಳಿಗ್ಗೆ ಎದ್ದು ಗುಂಡಿ ಹಾಕಿಕೊಂಡರೂ ಉಸಿರು ಉಳಿಯುತ್ತಿತ್ತು. ಔಷಧ ಚೆನ್ನಾಗಿ ಒಳಗಿಳಿಯಲಿ ಎಂದು ಸೇದಿದ ಮೇಲೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂಡುವ ಪದ್ಧತಿಯನ್ನು ನಾನೇ ಕಂಡುಹಿಡಿದಿದ್ದೆ. ನೀರನ್ನಂತೂ ಮುಟ್ಟುತ್ತಿರಲಿಲ್ಲ. ನಾನು ಮಾತಾಡದೆ ಕೂಡುವ ಆ ಹೊತ್ತು ಶಾಂತಾಬಾಯಿಗೂ ಹಿಡಿಸಿತ್ತೆಂದು ಕಾಣುತ್ತದೆ. ಯಾಕೆಂದು ಅವಳು ಕೇಳಲಿಲ್ಲ.

ಆಮೇಲೆ ಗಂಟಲು ಕೆಡತೊಡಗಿತು. ಮೊದಲು ಸ್ವಲ್ಪ ಒರಟು, ಆಮೇಲೆ ಒಡಕು, ಆಮೇಲೆ ಬರೀ ಗಾಳಿ. ಕನ್ನಡದಲ್ಲಿ ಶುರು ಮಾಡಿದರೆ ಹಿಂದಿಗೆ ಬರುವಷ್ಟರಲ್ಲಿ ಧ್ವನಿ ಸವೆದು, ಮರಾಠಿಯವರಿಗೆ ಪಿಸುಮಾತಷ್ಟೇ ಉಳಿಯುತ್ತಿತ್ತು. ನಮ್ಮ ನಿಲ್ದಾಣದಲ್ಲಿ ಆ ದಿನಗಳಲ್ಲಿ ಬಸ್ಸು ತಪ್ಪಿಸಿಕೊಂಡವರಲ್ಲಿ ಮರಾಠಿಯವರೇ ಹೆಚ್ಚು ಎಂದು ನನ್ನ ಅಂದಾಜು. ನಾಲಿಗೆಯ ಮೇಲೆ, ಒಳಗೆಲ್ಲ, ಮೊಸರಿನ ಕೆನೆ ಮೆತ್ತಿದ ಹಾಗೆ ಬಿಳಿ ಬಿಳಿ. ಬಿಸಿ ಪಲ್ಯ ತಾಗಿದರೆ ಕಣ್ಣಲ್ಲಿ ನೀರು. ಕನ್ನಡಿಯಲ್ಲಿ ನೋಡಿಕೊಂಡು ಗಾಬರಿಯಾದೆ. ಆದರೆ ಡಾಕ್ಟರ್ ಬಾಯಿಗೆ ತೋರಿಸಲಿಲ್ಲ. ತೋರಿಸಿದರೆ ಇನ್ನೂ ದೊಡ್ಡದೊಂದು ಹೆಸರು ಹೇಳಿಯಾರು ಎಂಬ ಭಯ.

ಇಂಥದ್ದರಲ್ಲಿ ಒಂದು ಮಧ್ಯಾಹ್ನ ದುಬಲಗುಂಡಿಯ ಗುರಮ್ಮ ನನ್ನ ಕಿಟಕಿಗೆ ಬಂದಳು. ಸಂತೆಗೆ ಬೆಣ್ಣೆ ತರುವ ಮುದುಕಿ. ಪ್ರತಿ ವಾರ ಖಾಲಿ ಬುಟ್ಟಿ ತಲೆಯ ಮೇಲೆ ಕವುಚಿಕೊಂಡು ನನ್ನ ಕೂಗಿಗಾಗಿ ಕಾಯುತ್ತ ಕಂಬದ ಬಳಿ ಕೂಡುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳು ನನ್ನನ್ನು ನೋಡಿರಲಿಲ್ಲ. ಸರಳು ಹಿಡಿದು ಒಳಗೆ ಇಣುಕಿ ಕೇಳಿದಳು: “ಯಪ್ಪಾ, ಇಲ್ಲಿ ಮದಲ ಒಬ್ಬಾವ ಒದರ್ತಿದ್ದ ನೋಡು, ಗುಡಿ ಗಂಟಿ ಹೊಡದಂಗ. ಅವ ಎಲ್ಲಿ ಹೋದ?”

“ನಾನೇ ಯವ್ವಾ ಅವ” ಎಂದೆ. ಬಂದದ್ದು ಗೊರಗೊರ.

“ಸುಳ್ಳ ಯಾಕ ಹೇಳ್ತಿ? ನಿಂದು ಕಪ್ಪಿ ಒದರಿದಂಗ ಅದ. ಹ್ವಾದ ವಾರ ನೀ ಏನು ಒದರಿದ್ಯೋ ಏನೋ, ನನಗ ತಿಳೀಲೇ ಇಲ್ಲ. ನಮ್ಮ ಬಸ್ ನಿಂದರು ಜಾಗಾದಾಗ ನಿಂತಿತ್ತು ಅಂತ ಹತ್ತಿ ಕುಂತೆ. ಅದು ಘಾಟಬೋರಾಳಕ್ಕ ಹ್ವಾತು. ಗುರುತಿಲ್ಲದವ್ರ ಮನ್ಯಾಗ ರೊಟ್ಟಿ ಬೇಡಿ ತಿಂದು ಮರುದಿನ ಬಂದೆ. ನನಗ ಬಸ್ಸಿನ ಮ್ಯಾಲಿನ ಆ ಪಾಟಿ ಓದಾಕ ಬರ್ತದೇನು? ಅವನ ದನಿ ನಂಬಿ ಬಸ್ ಹತ್ತಾಕಿ ನಾ.” ಸರಳಿಗೆ ಮುಖ ಹತ್ತಿಸಿ, ದನಿ ತಗ್ಗಿಸಿ, “ಸತ್ತನೇನು ಪಾಪ?” ಎಂದಳು.

ಸತ್ತ ಎಂದು ಹೇಳಿಬಿಡುವುದೇ ಮೇಲು ಎಂದು ಒಂದು ಕ್ಷಣ ಅನ್ನಿಸಿತು. “ಇಲ್ಲ ಯವ್ವಾ, ರಜಾ ಮ್ಯಾಲ ಹೋಗ್ಯಾನ” ಎಂದೆ. “ಜಲ್ದಿ ಬಾ ಅಂತ ಹೇಳು” ಎಂದು ಅವಳು ಹೋದಳು. ನನ್ನದೇ ಕೋಣೆಯಲ್ಲಿ, ನನ್ನದೇ ಕುರ್ಚಿಯಲ್ಲಿ, ನನ್ನ ಬದಲಿಗೆ ಬಂದ ಯಾರೋ ಕೆಟ್ಟ ಮನುಷ್ಯನ ಹಾಗೆ ನಾನು ಬಹಳ ಹೊತ್ತು ಕುಳಿತಿದ್ದೆ. ಅಂದು ಬಸ್ಸಿನಲ್ಲಿ ಕಲ್ಯಾಣಕ್ಕೆ ಹೋಗುತ್ತ ತೀರ್ಮಾನ ಮಾಡಿದೆ: ಈ ಪಂಪು ನನ್ನ ಗಂಟಲು ತಿಂದಿದೆ, ಇನ್ನು ಇದನ್ನು ಮುಟ್ಟುವುದಿಲ್ಲ. ಹೇಗೂ ದಮ್ಮು ವಾಸಿಯಾಗಿತ್ತಲ್ಲ.

ಶಾಂತಾಬಾಯಿಗೆ ಹೇಳಿದರೆ ಬಿಡುವವಳಲ್ಲ. ಸಂಜೆ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಿಂದ “ಪಂಪು ತಗೊಂಡ್ರೀ?” ಎಂಬ ಕೂಗು ಬರುತ್ತಿತ್ತು. ನಾನು ಬಚ್ಚಲಿನ ಬಾಗಿಲಲ್ಲಿ ನಿಂತು, ಅವಳಿಗೆ ಕೇಳಿಸುವ ಹಾಗೆ ಅಲುಗಾಡಿಸಿ, ಗಾಳಿಗೆ ಒತ್ತಿಬಿಡುತ್ತಿದ್ದೆ. ನಮ್ಮ ಬಚ್ಚಲಿನ ಹಲ್ಲಿಗಳಿಗೆ ದಮ್ಮು ಇದ್ದಿದ್ದರೆ ಆ ದಿನಗಳಲ್ಲಿ ಪೂರ್ತಿ ಗುಣವಾಗಿರಬೇಕು. ಗಂಟಲು ನಿಜವಾಗಿಯೂ ಒಂದಿಷ್ಟು ತಿಳಿಯಾಯಿತು. ‘ಹುಮನಾಬಾದ’ ಎನ್ನುವಾಗ ಹಳೆಯ ನಾದದ ಒಂದು ತುಣುಕು ಬಂದು ಹೋಗುತ್ತಿತ್ತು. ನಾನು ಗೆದ್ದೆ ಎಂದುಕೊಂಡೆ. ಎದೆಯ ಬಾವು ಮಾತ್ರ, ಡಾಕ್ಟರ್ ಬಾಯಿ ಹೇಳಿದ ಹಾಗೆ, ನನಗೆ ತಿಳಿಯದಂತೆ ಸಾವಕಾಶವಾಗಿ ಮರಳಿ ಬರುತ್ತಿತ್ತು. ಬೆಳಗಿನ ಕೆಮ್ಮು ಬಂತು. ಚಳಿಗೆ ಎಂದುಕೊಂಡೆ. ಸಿಳ್ಳೆ ಬಂತು. ಹೊಗೆಗೆ ಎಂದುಕೊಂಡೆ.

ತೊಗರಿಯ ಸುಗ್ಗಿ ಜೋರಾಗಿದ್ದ ಒಂದು ದಿನ, ಸೂರ್ಯ ನೆತ್ತಿಯ ಮೇಲಿದ್ದಾಗ, ಚೀಲ ತುಂಬಿದ ಲಾರಿಯೊಂದು ನಿಲ್ದಾಣದ ಪಕ್ಕದಲ್ಲೇ ನಿಂತು ಮಾಲು ಇಳಿಸುತ್ತಿತ್ತು. ಕಿಟಕಿಯಿಂದ ಧೂಳು ಹಿಟ್ಟಿನಂತೆ ಒಳಗೆ ಬರುತ್ತಿತ್ತು. ನಾನು ಮೈಕು ಹಾಕಿ ‘ಬಸವಕಲ್ಯಾಣಕ್ಕೆ’ ಎಂದೆ. ಮುಂದಿನ ಮಾತಿಗೆ ಉಸಿರು ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಒಳಗಿನ ಬಾಗಿಲಿಗೆ ಯಾರೋ ಅಡ್ಡಗೋಲು ಹಾಕಿದ್ದರು. ಕೈ ಜೇಬಿಗೆ ಹೋಯಿತು. ಪಂಪು ಬಾಯಿಗಿಟ್ಟು ಒತ್ತಿದೆ. ಸದ್ದೂ ಇಲ್ಲ, ಔಷಧವೂ ಇಲ್ಲ. ಅಲುಗಾಡಿಸಿದೆ; ಒಳಗೆ ಏನೂ ಅಲುಗಲಿಲ್ಲ. ಅದರಲ್ಲಿ ಇದ್ದದ್ದನ್ನೆಲ್ಲ ನಾನೇ ಬಚ್ಚಲಿಗೆ ಉಣಿಸಿ ಮುಗಿಸಿದ್ದೆ. ಮತ್ತೆ ಮತ್ತೆ ಒತ್ತಿದೆ. ಈಗ ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ಹೊತ್ತಿನ ಹೆದರಿಕೆಯನ್ನು ನಗುತ್ತ ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಸುತ್ತ ಇಡೀ ಆಕಾಶದ ಗಾಳಿ ಇದೆ, ಕಿಟಕಿಯ ಆಚೆ ಬೇವಿನ ಎಲೆ ಅದರಲ್ಲಿ ಅಲುಗಾಡುತ್ತಿದೆ, ಒಂದು ಚಮಚೆಯಷ್ಟು ಮಾತ್ರ ನನ್ನೊಳಗೆ ಬರಲೊಲ್ಲದು. ಮೇಜಿನ ಅಂಚು ಹಿಡಿದು ಬಾಗಿದೆ. ಮೈಕು ಹಾಕಿಯೇ ಇತ್ತು. ನನ್ನ ಎದೆಯ ಆ ಕರಕರ, ಆ ಎಳೆತ, ಆ ಸಿಳ್ಳೆ, ಭೋಂಗಾಗಳಿಂದ ಇಡೀ ನಿಲ್ದಾಣಕ್ಕೆ ಕೇಳಿಸುತ್ತಿತ್ತಂತೆ. ಕಡಲೆ ಮಾರುವವರು ಸುಮ್ಮನಾದರಂತೆ. ಜನ ಎದ್ದು ನಿಂತರಂತೆ. ಮುಂದೆ ಏನು ಎಂದು ಎಲ್ಲರೂ ಭೋಂಗಾದ ಕಡೆ ನೋಡುತ್ತಿದ್ದರಂತೆ.

ಮೌಲಾಸಾಬರು ಬಾಗಿಲು ದೂಡಿಕೊಂಡು ಬಂದವರು ನನ್ನನ್ನು ಕಂಕುಳಲ್ಲಿ ಹಿಡಿದು ಹೊರಗೆಳೆದರು. “ಕಲ್ಯಾಣದ ಬಸ್ ತರ್ರಿ ಇಲ್ಲಿ! ಮದಲ ದವಾಖಾನಿಗಿ ಹೊಡೀರಿ, ಆಮ್ಯಾಲ ಕಲ್ಯಾಣ!” ಎಂದು ಕೂಗಿದರು. ಮೈಕಿಲ್ಲದೆ ಕೂಗಿದ ಆ ಕೂಗು ನನ್ನ ಯಾವ ಕೂಗಿಗಿಂತಲೂ ದೂರ ಹೋಯಿತು. ನನ್ನನ್ನು ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂಡಿಸಿದರು. ಕಂಬದ ಬಳಿ ಇದ್ದ ಗುರಮ್ಮ ಹತ್ತಿ ಬಂದು ಸೆರಗಿನಿಂದ ಗಾಳಿ ಬೀಸುತ್ತ, “ಪಾಪ, ಯಾವೂರವನೋ ಏನೋ, ಹೇಣ್ತಿ ಮಕ್ಕಳು ಅದಾರೋ ಇಲ್ಲೋ” ಎಂದು ಮರುಗುತ್ತಿದ್ದದ್ದು ದೂರದಿಂದ ಕೇಳಿಸಿತು. ದವಾಖಾನೆಯಲ್ಲಿ ಮೂಗಿಗೆ ಗಾಳಿಯ ನಳಿಗೆ ಹಚ್ಚಿದರು, ಸೂಜಿ ಚುಚ್ಚಿದರು. ಮೊದಲ ಪೂರ್ತಿ ಉಸಿರು ಒಳಗೆ ಬಂದಾಗ, ಬಂದಿರುವುದು ಗಾಳಿಯೋ ದೇವರೋ ಎಂದು ಗೊತ್ತಾಗದೆ ಅತ್ತುಬಿಟ್ಟೆ. ಸಂಜೆಗೆ ಶಾಂತಾಬಾಯಿ ಬಂದಳು. ತಲೆಗೂದಲು ಕೆದರಿತ್ತು, ಕಾಲಲ್ಲಿ ಬೇರೆ ಬೇರೆ ಜೋಡಿನ ಚಪ್ಪಲಿ. ಖಾಲಿ ಪಂಪನ್ನು ಕೈಯಲ್ಲಿ ಹಿಡಿದು ಒಮ್ಮೆ ಅಲುಗಾಡಿಸಿ, ನನ್ನ ಮುಖ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಕಲ್ಯಾಣಕ್ಕೆ ಮರಳಿದ ಮೇಲೆ ಅವಳೇ ಡಾಕ್ಟರ್ ಬಾಯಿಯ ಮುಂದೆ ನನ್ನನ್ನು ಕೂಡಿಸಿದಳು. ಅವರು ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿ, “ಬೂಜು ಬೆಳದದ. ಪಂಪು ತಗೊಂಡ ಮ್ಯಾಲ ಬಾಯಿ ಮುಕ್ಕಳಿಸ್ತಿದ್ರಿಲ್ಲ?” ಎಂದರು.

“ಎಂಥಾ ಮುಕ್ಕಳಸೂದ್ರಿ? ಬಾಯಿ ಮುಚಗೊಂಡು ಗೌತಮ ಬುದ್ಧನಂಗ ಕುಂದರ್ತಿದ್ರು” ಎಂದಳು ಶಾಂತಾಬಾಯಿ.

“ನೀರು ಉಗುಳಿದ್ರ ಔಷಧ ಹೊಳ್ಳಿ ಹೊರಗ ಹೋಗ್ತದ ಅಂತ...” ಎಂದೆ ನಾನು.

ಡಾಕ್ಟರ್ ಬಾಯಿ ಬ್ಯಾಟರಿ ಕೆಳಗಿಟ್ಟರು. “ಎದೀಗಿ ಹೋಗೂದು ಎದೀಗಿ ಹೋಗಿರ್ತದ್ರಿ. ಬಾಯಾಗ ಗಂಟಲಾಗ ಕುಂತದ್ದು ದಮ್ಮಿಗಿ ಏನೂ ಉಪಯೋಗಿಲ್ಲ, ಅಲ್ಲೇ ಕುಂತು ಹಿಂಗ ಬೂಜು ಬೆಳಸ್ತದ, ದನಿ ಕೆಡಸ್ತದ. ಒಂದು ಗುಟುಕು ನೀರು ಹಾಕಿ ಉಗುಳಿದ್ರ ಮುಗೀತಿತ್ತು. ದನಿ ಕೆಟ್ಟಾಗ ಪಂಪು ಬಿಡೂದಲ್ಲ, ನನ್ನ ಕಡೆ ಬರೂದು. ನಡುವ ಬಿಟ್ರ ಏನಾಗ್ತದ ಅನ್ನೂದು ಈಗ ನಾ ಹೇಳಬೇಕಾಗಿಲ್ಲ, ನೀವೇ ಇಡೀ ಹುಮನಾಬಾದಕ್ಕ ಮೈಕ್‌ನಾಗ ಹೇಳಿರಿ” ಎಂದರು.

ಒಂದು ಗುಟುಕು ನೀರು! ಮನುಷ್ಯನ ಬಾಳು ದೊಡ್ಡ ದೊಡ್ಡ ಕಾರಣಗಳಿಗೆ ಹಾಳಾದರೆ ಹೇಳಿಕೊಳ್ಳಲು ಒಂದು ಮರ್ಯಾದೆ ಇರುತ್ತದೆ. ಬೆಂಕಿ ಬಿತ್ತು, ಹೊಳೆ ಬಂತು, ವೈರಿ ಹುಟ್ಟಿದ ಎನ್ನಬಹುದು. ಬಾಯಿ ಮುಕ್ಕಳಿಸಲಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳಲಿ? ಹೊಸ ಪಂಪು ಕೊಟ್ಟರು, ಬಾಯಿಗೆ ಹಚ್ಚಲು ಬೇರೆ ಔಷಧ ಕೊಟ್ಟರು, ಡಬ್ಬಿ ಮುಗಿಯುವ ಮುಂಚೆಯೇ ಇನ್ನೊಂದು ತಂದಿಡಲು ಶಾಂತಾಬಾಯಿಗೇ ಹೇಳಿದರು. ನನಗೆ ಹೇಳುವುದನ್ನು ಅವರು ಅಂದಿನಿಂದ ಬಿಟ್ಟರು. ಬೆಳಿಗ್ಗೆ ಸಂಜೆ ತಂಬಿಗೆ ಹಿಡಿದು ಶಾಂತಾಬಾಯಿ ಎದುರಿಗೆ ನಿಲ್ಲುತ್ತಾಳೆ. ನಾನು ಗಳಗಳ ಮಾಡಿ ಉಗುಳುವವರೆಗೆ ಸರಿಯುವುದಿಲ್ಲ. ಬಿಳಿ ಹೋಯಿತು, ನಾಲಿಗೆಗೆ ಪಲ್ಯದ ರುಚಿ ಬಂತು, ಎದೆ ಹಗುರಾಯಿತು. ಧ್ವನಿಯೂ ಬಂತು. ಪೂರ್ತಿ ಹಳೆಯದಲ್ಲದಿದ್ದರೂ ಒಬ್ಬ ಮನುಷ್ಯನದು ಎಂದು ಗುರುತಿಸುವಷ್ಟು ಬಂತು.

ಅಷ್ಟರಲ್ಲಿ ಮೈಕು ಹೋಗಿತ್ತು. ನಾನು ರಜೆಯಲ್ಲಿದ್ದಾಗ ಭಾಲ್ಕಿಯ ಕಡೆಯ ಒಬ್ಬ ಕಂಡಕ್ಟರನನ್ನು ಕೂಡಿಸಿದ್ದರು, ಅವನೇ ಉಳಿದ. ಧೂಳು, ಹೊಗೆ ಇಲ್ಲದ ಜಾಗ ಬೇಕೆಂದು ಡಾಕ್ಟರ್ ಬಾಯಿ ಬರೆದುಕೊಟ್ಟದ್ದರಿಂದ ನನ್ನನ್ನು ನಿಲ್ದಾಣದ ಹಿಂಬದಿಯ ಕಟ್ಟಡದಲ್ಲಿ ಪಾಸು ಕೊಡುವ ಮೇಜಿಗೆ ಹಾಕಿದರು. ಈಗ ನನ್ನ ಹತ್ತಿರ ಬೇಕಾದಷ್ಟು ಉಸಿರಿದೆ. ದಿನವಿಡೀ ಅದರಿಂದ ‘ಇಲ್ಲಿ ಸಹಿ ಮಾಡ್ರಿ’ ಎನ್ನುತ್ತೇನೆ. ಹೊಸಬನು ಕೂಗುವುದನ್ನು ಕೇಳಿದರೆ ಎದೆಯಲ್ಲಿ ದಮ್ಮಲ್ಲದ ಬೇರೆ ಏನೋ ಏಳುತ್ತದೆ. ಊರಿನ ಹೆಸರುಗಳನ್ನು ಅವನು ಉಪ್ಪಿನಕಾಯಿ ಹೋಳು ಎಣಿಸಿದ ಹಾಗೆ ಒಂದೇ ಸಮನೆ ಹೇಳುತ್ತಾನೆ. ಏರಿಲ್ಲ, ಇಳಿವಿಲ್ಲ, ಮರಾಠಿಯಲ್ಲಿ ಮರಾಠಿಯೇ ಇಲ್ಲ. ಜನ ದೂರು ಕೊಟ್ಟಾರು ಎಂದು ನಾನು ಬಹಳ ದಿನ ಕಾದೆ. ಮೌಲಾಸಾಬರನ್ನು ಕೇಳಿಯೂ ಕೇಳಿದೆ. “ಯಾರೂ ಏನೂ ಅಂದಿಲ್ಲ, ವೀರಣ್ಣ. ಎಲ್ಲಾರೂ ಬರೋಬ್ಬರ ಬಸ್ ಹತ್ತಾಕತ್ತಾರ” ಎಂದು ಅವರು ಬಹಳ ಸಂಕೋಚದಿಂದ ಹೇಳಿದರು.

ಮೊನ್ನೆ ಕೆಲಸ ಮುಗಿಸಿ ಕಲ್ಯಾಣದ ಮನೆಗೆ ಹೋಗಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಕಲ್ಯಾಣದ ಹತ್ತಿರದ ನಾರಾಯಣಪುರದ ಒಬ್ಬ ಕುರಿಗಾರ, ಹೆಗಲ ಮೇಲೆ ಕಂಬಳಿ. ಭೋಂಗಾ ಮಾತಾಡತೊಡಗಿತು. ನಾನು ತಡೆಯಲಾರದೆ ಅವನಿಗೆ ವಿವರಿಸತೊಡಗಿದೆ: “ನೋಡ್ರಿ, ಇಲ್ಲಿ ಜರಾ ನಿಂದರಬೇಕು. ಊರಿನ ಹೆಸರು ಹೇಳೂ ಮುಂದ ದನಿ ಮ್ಯಾಲ ಎತ್ತಬೇಕು. ಇವನಿಗಿ ಯಾರೂ ಕಲಿಸಿಲ್ಲ ಕಾಣ್ತದ. ಕೇಳ್ರಿ, ಕೇಳ್ರಿ, ಮತ್ತ ತಪ್ಪಿದ...” ಉಸಿರು ಎಲ್ಲಿಯೂ ತುಂಡಾಗದೆ, ಒಂದೇ ಓಟದಲ್ಲಿ, ನಾನು ಬಹಳ ಸೊಗಸಾಗಿ ಮಾತಾಡುತ್ತಿದ್ದೆ. ಕುರಿಗಾರ ನನ್ನ ಕಡೆ ತಿರುಗಿ ಕೈಮುಗಿದು, “ಯಜಮಾನ್ರ, ಜರಾ ಬಾಯಿ ಮುಚ್ಚತೀರೇನ್ರಿ? ಬಸ್ಸಿಂದು ಕೇಳಸವಲ್ದು” ಎಂದ. ನಾನು ಬಾಯಿ ಮುಚ್ಚಿದೆ. ಅವನು ಕಿವಿಗೊಟ್ಟು ಕೇಳಿ, ಕಂಬಳಿ ಸರಿಮಾಡಿಕೊಂಡು, ಎದ್ದು ಹೋಗಿ ಬಸ್ ಹತ್ತಿದ. ಆ ಬಸ್ಸು ನಿಲ್ದಾಣದ ತಿರುವು ದಾಟಿ ಮರೆಯಾದ ಮೇಲೆ ನನಗೆ ಹೊಳೆಯಿತು: ಆ ಹೊಸಬನು ಕೂಗಿದ್ದು ಬಹಳ ಸ್ಪಷ್ಟವಾಗಿಯೇ ಇತ್ತು, ಮತ್ತು ಹೋದದ್ದು ಕಲ್ಯಾಣದ ಬಸ್ಸು.